ಕೆಂಪು ಮಣಿ, ಹಸಿರು ಮಣಿ: ಯಂತ್ರ ಕಲಿಯೋದು ಹೇಗೆ ಅಂತ 30 ವರ್ಷ ಲೆಕ್ಕ ಹಾಕಿದ ಮೈಸೂರಿನ ಮೇಷ್ಟ್ರು

ವಿರೂಪಾಕ್ಷಿಪುರ: ಇಲ್ಲಿನ ಒಂದು ದಿನಸಿ ಅಂಗಡಿ ಮುಂದೆ ಟೀ ಕುಡಿಯುತ್ತ ನಿಂತಿದ್ದಾಗ ಅಂಗಡಿ ಯಜಮಾನರು ಗಲ್ಲಾಪೆಟ್ಟಿಗೆಯಿಂದ ಒಂದು ಕರಪತ್ರ ತೆಗೆದು ಕೈಗಿಟ್ಟರು. ‘ಮೂರೇ ತಿಂಗಳಲ್ಲಿ ಎ.ಐ. ಪರಿಣತರಾಗಿ’ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಪೇಟೆ ಕಡೆಯ ಯಾವುದೋ ಕೋಚಿಂಗ್ ಸೆಂಟರಿನದು. ಅವರ ಮಗ ಸೆಕೆಂಡ್ ಪಿಯುಸಿ ಸೈನ್ಸ್. ಕೇಳಿರೋ ಫೀಸಿಗೆ ಒಂದು ಸೀಮೆಹಸು ಬರುತ್ತೆ.

‘ಕಟ್ಟೋದಾ, ಬೇಡ್ವಾ ಸಾರ್? ಈ ಎ.ಐ. ಅನ್ನೋದು ನಮ್ಮ ಕಡೆಯೋರು ಮಾಡೋ ಕೆಲಸನಾ, ಇಲ್ಲಾ ಪೂರ್ತಿ ಅಮೆರಿಕದೋರ್ದಾ?’

ಮೊದಲ ಪ್ರಶ್ನೆಗೆ ತಕ್ಷಣ ಉತ್ತರ ಹೇಳೋಕೆ ಆಗಲಿಲ್ಲ. ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಒಂದು ಹೆಸರಿತ್ತು: ಪ್ರೊ. ಎಂ.ಎ.ಎಲ್. ತಾತಾಚಾರ್. ನಮ್ಮ ತಾಲ್ಲೂಕಿನಲ್ಲಿ ಈ ಹೆಸರು ಕೇಳಿದವರು ಕಡಿಮೆ. ಟಿವಿಯಲ್ಲಿ ಬಂದವರಲ್ಲ, ಕಂಪನಿ ಕಟ್ಟಿದವರೂ ಅಲ್ಲ. ಆದರೆ ಯಂತ್ರ ತಾನಾಗೇ ಕಲಿಯೋದು ಹೇಗೆ ಅನ್ನೋ ವಿಷಯದಲ್ಲಿ ಪ್ರಪಂಚದ ಯಾವ ಮೂಲೆಯಲ್ಲಿ ಓದಿದರೂ ಒಂದು ಕಡೆ ಇವರ ಪುಸ್ತಕ ಎದುರಾಗುತ್ತೆ.

ಹುಟ್ಟಿದ್ದು 1939ರಲ್ಲಿ, ಮೈಸೂರು ನಗರದಲ್ಲಿ. 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಎಲೆಕ್ಟ್ರಿಕಲ್ ಬಿ.ಇ. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅಲ್ಲಿ 1961ರಲ್ಲಿ ಎಂ.ಇ. ಮೂರು ವರ್ಷ ಐಐಟಿ ಮದ್ರಾಸಿನಲ್ಲಿ ಪಾಠ ಹೇಳಿ, 1964ರಲ್ಲಿ ಮತ್ತೆ ಟಾಟಾ ಇನ್‌ಸ್ಟಿಟ್ಯೂಟಿಗೇ ಮೇಷ್ಟ್ರಾಗಿ ಬಂದರು. 1968ರಲ್ಲಿ ಅಲ್ಲೇ ಪಿಎಚ್.ಡಿ. ಅದರ ವಿಷಯ ಕಂಟ್ರೋಲ್ ಸಿಸ್ಟಮ್ಸ್, ಯಂತ್ರಗಳನ್ನ ಹದ್ದುಬಸ್ತಿನಲ್ಲಿ ಇಡೋ ಶಾಸ್ತ್ರ. ಹುಟ್ಟಿದ ಊರಿಗೂ ಮೇಷ್ಟ್ರಾದ ಊರಿಗೂ ನಡುವೆ ಇರೋ ರೈಲು ದಾರಿಯಲ್ಲೇ ನಮ್ಮ ಚನ್ನಪಟ್ಟಣ ಸ್ಟೇಷನ್ನು.

ಕಂಪ್ಯೂಟರ್ ಸೈನ್ಸ್ ಅಂತ ಅವರು ಓದಲೇ ಇಲ್ಲ ಅನ್ನೋದನ್ನ ಗಮನಿಸಿ. ಆಗ ಆ ಕೋರ್ಸೇ ಇಲ್ಲಿರಲಿಲ್ಲ. ಕರೆಂಟು, ಮೋಟಾರು, ಲೆಕ್ಕ, ಇಷ್ಟೇ.

ಡಬ್ಬಿಯೊಳಗಿನ ಎ.ಐ.

ಅವರು ಹಿಡಿದ ವಿಷಯದ ಹೆಸರು ‘ಲರ್ನಿಂಗ್ ಆಟೋಮೇಟಾ’. ಕಲಿಯುವ ಯಂತ್ರ ಅನ್ನಿ. ಇವತ್ತಿನ ಭಾಷೆಯಲ್ಲಿ ‘ಏಜೆಂಟ್’ ಅಂತಾರೆ. ನಮ್ಮಲ್ಲಿ ಏಜೆಂಟ್ ಅಂದ ಕೂಡಲೇ ಎಲ್ಐಸಿ ಏಜೆಂಟೇ ನೆನಪಿಗೆ ಬರೋದು. ಇದು ಬೇರೆ, ಆದರೂ ಪೂರ್ತಿ ಬೇರೆಯಲ್ಲ. ನಮ್ಮ ಪರವಾಗಿ ಏನೋ ಒಂದು ಆಯ್ಕೆ ಮಾಡಿ, ಆದ ಫಲ ನೋಡಿ, ಮುಂದಿನ ಸಲ ಸುಧಾರಿಸಿಕೊಳ್ಳೋ ಯಂತ್ರ.

ಇದನ್ನ ಅರ್ಥ ಮಾಡಿಕೊಳ್ಳೋಕೆ ಕಂಪ್ಯೂಟರ್ ಬೇಡ. ಚನ್ನಪಟ್ಟಣದ ಅರಗು ಬಳಿದ ಮರದ ಮಣಿ ಸಾಕು. ಒಂದು ಬಿಸ್ಕತ್ ಡಬ್ಬಿಗೆ 50 ಕೆಂಪು, 50 ಹಸಿರು ಮಣಿ ಹಾಕಿ. ಅಂಗಡಿಗೆ ಬನ್ನು, ಬ್ರೆಡ್ಡು ತರೋ ಗಾಡಿ ಎರಡು ಇವೆ ಅಂದುಕೊಳ್ಳಿ. ಒಂದು ಕೆಂಪು, ಇನ್ನೊಂದು ಹಸಿರು. ಹಿಂದಿನ ರಾತ್ರಿ ಫೋನ್ ಮಾಡಿ ಒಬ್ಬರಿಗೇ ಆರ್ಡರ್ ಕೊಡಬೇಕು. ಬೆಳಗ್ಗೆ 7ರೊಳಗೆ ಮಾಲು ಬಂದರೆ ಗೆದ್ದಂಗೆ, ತಡವಾದರೆ ಸೋತಂಗೆ. ಯಾರು ನಂಬಿಕಸ್ತರು ಅಂತ ನಿಮಗೆ ಮೊದಲೇ ಗೊತ್ತಿಲ್ಲ.

ರಾತ್ರಿ ಕಣ್ಣು ಮುಚ್ಚಿ ಒಂದು ಮಣಿ ತೆಗೀರಿ. ಕೆಂಪು ಬಂದರೆ ಕೆಂಪು ಗಾಡಿಗೆ ಫೋನು. ಮಣಿ ವಾಪಸ್ ಡಬ್ಬಿಗೆ. ಬೆಳಗ್ಗೆ ಮಾಲು ಸರಿಯಾಗಿ ಬಂತಾ? ಹಾಗಾದರೆ ಡಬ್ಬಿಯಲ್ಲಿರೋ ಹಸಿರು ಮಣಿಯಲ್ಲಿ ಹತ್ತರಲ್ಲೊಂದು ಪಾಲು, ಅಂದ್ರೆ 5, ತೆಗೆದು 5 ಕೆಂಪು ಹಾಕಿ. ಈಗ 55 ಕೆಂಪು, 45 ಹಸಿರು. ಬರಲಿಲ್ವಾ? ಏನೂ ಮಾಡಬೇಡಿ. ಗೆದ್ದರೆ ಬಹುಮಾನ, ಸೋತರೆ ಸುಮ್ಮನೆ. ದಿನಾ ಇಷ್ಟೇ. (ಮುಂದಿನ ಸಲ 45ರಲ್ಲಿ ಹತ್ತರಲ್ಲೊಂದು ನಾಲ್ಕೂವರೆ ಆಗುತ್ತೆ. ಅರ್ಧ ಮಣಿ ಎಲ್ಲಿಂದ ತರೋಣ, ನಾಲ್ಕೇ ಅನ್ನಿ.)

ಈ ಡಬ್ಬಿಗೆ ಗಾಡಿ ಅಂದ್ರೇನು, ಬನ್ನು ಅಂದ್ರೇನು, ಯಾವುದೂ ಗೊತ್ತಿಲ್ಲ. ಅದಕ್ಕೆ ಬರೋದು ‘ಹೌದು’ ಅಥವಾ ‘ಇಲ್ಲ’ ಅನ್ನೋ ಒಂದೇ ಒಂದು ಮಾತು. ಆದರೂ ವಾರಗಳು ಕಳೆದಂಗೆ ಒಳ್ಳೇ ಗಾಡಿಯ ಬಣ್ಣವೇ ಡಬ್ಬಿಯಲ್ಲಿ ತುಂಬಿಕೊಳ್ಳುತ್ತೆ.

ಇದು ಬರೀ ಉಪಮೆ ಅಲ್ಲ. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಡೊನಾಲ್ಡ್ ಮಿಚಿ ಅನ್ನೋ ವಿಜ್ಞಾನಿ 304 ಬೆಂಕಿಪೊಟ್ಟಣ ಅಂಟಿಸಿ, ಒಳಗೆ ಬಣ್ಣದ ಮಣಿ ಹಾಕಿ, ಸೊನ್ನೆ-ಇಂಟು ಆಟ ಕಲಿಯೋ ಯಂತ್ರವನ್ನೇ ಮಾಡಿದ್ದ. ಗೆದ್ದರೆ ಮಣಿ ಸೇರಿಸೋದು, ಸೋತರೆ ಕಿತ್ತುಕೊಳ್ಳೋದು. ಅದೇ ಕಾಲದಲ್ಲಿ ಸೋವಿಯತ್ ರಷ್ಯಾದಲ್ಲಿ ಮಿಖಾಯಿಲ್ ತ್ಸೆಟ್ಲಿನ್ ಅನ್ನೋ ಗಣಿತಜ್ಞ ಇಂಥ ಯಂತ್ರಗಳ ಲೆಕ್ಕ ಶುರು ಮಾಡಿದ. ‘ಹತ್ತರಲ್ಲೊಂದು ಪಾಲು’ ಥರದ ನಿಯಮವೂ ತಾತಾಚಾರ್ ಕಂಡುಹಿಡಿದದ್ದಲ್ಲ. ಪ್ರಾಣಿಗಳು, ಮನುಷ್ಯರು ಹೇಗೆ ಕಲೀತಾರೆ ಅಂತ ನೋಡುತ್ತಿದ್ದ ಅಮೆರಿಕದವರು 1950ರ ದಶಕದಲ್ಲೇ ಇಂಥ ಸೂತ್ರ ಬರೆದಿದ್ದರು.

ಹಾಗಾದರೆ ನಮ್ಮ ಮೇಷ್ಟ್ರು ಮಾಡಿದ್ದೇನು?

ಎಷ್ಟು ನಿಧಾನವಾದರೆ ಕ್ಷೇಮ?

ಡಬ್ಬಿ ಮೋಸ ಹೋಗಬಹುದು. ಅದೇ ಇಲ್ಲಿನ ಮುಖ್ಯ ವಿಷಯ. ಹಸಿರು ಗಾಡಿ ಹತ್ತಕ್ಕೆ 8 ದಿನ ಸಮಯಕ್ಕೆ ಬರುತ್ತೆ, ಕೆಂಪು ಗಾಡಿ ಹತ್ತಕ್ಕೆ 5 ದಿನ ಮಾತ್ರ ಅಂತಿಟ್ಟುಕೊಳ್ಳಿ. ನೀವು ಅವಸರದ ಮನುಷ್ಯ. ಹತ್ತರಲ್ಲೊಂದು ಯಾಕೆ, ಒಂದು ಸಲ ಗೆದ್ದರೆ ಅರ್ಧಕ್ಕರ್ಧ ಮಣಿ ಬದಲಾಯಿಸಿಬಿಡೋಣ ಅಂತೀರಿ. ಅದೃಷ್ಟಕ್ಕೆ ಮೊದಲ ಮೂರು ಬಹುಮಾನವೂ ಕೆಂಪಿಗೇ ಬಿತ್ತು. ಹಸಿರು ಮಣಿ 50ರಿಂದ 25, ಆಮೇಲೆ 12, ಆಮೇಲೆ 6. ಈಗ ಡಬ್ಬಿಯಲ್ಲಿ 94 ಕೆಂಪು. ಕೆಟ್ಟ ಗಾಡಿಗೇ ದಿನಾ ಫೋನು. ಇನ್ನೆರಡು ಮೂರು ಸಲ ಕೆಂಪು ಗೆದ್ದರೆ ಹಸಿರು ಮಣಿ ಮುಗಿದೇ ಹೋಯಿತು. ಆಮೇಲೆ ಹಸಿರು ಗಾಡಿ ಎಷ್ಟೇ ಚೆನ್ನಾಗಿ ನಡೆದರೂ ಈ ಡಬ್ಬಿಗೆ ಗೊತ್ತಾಗೋದೇ ಇಲ್ಲ, ಯಾಕಂದ್ರೆ ಕೇಳೋಕೆ ಮಣಿಯೇ ಇಲ್ಲ.

ಇದು ಅಪರೂಪಕ್ಕೆ ಆಗೋದು ಅಂದುಕೋಬೇಡಿ. ಲೆಕ್ಕ ಹಾಕಿ ನೋಡಿದೆ. ಅರ್ಧಕ್ಕರ್ಧ ಬದಲಾಯಿಸೋ ನಿಯಮದಲ್ಲಿ ಮೊದಲ ಮೂರೂ ಬಹುಮಾನ ಕೆಟ್ಟ ಗಾಡಿಗೇ ಹೋಗೋ ಸಂಭವ ಸುಮಾರು ಐದರಲ್ಲಿ ಒಂದು. ಹತ್ತರಲ್ಲೊಂದು ಪಾಲಿನ ನಿಯಮದಲ್ಲಿ ಅದು ನೂರಕ್ಕೆ 8ರಷ್ಟು, ಅದೂ ಆದಾಗ ಡಬ್ಬಿಯಲ್ಲಿ ಹಸಿರು ಇನ್ನೂ 36ರಷ್ಟು ಉಳಿದಿರುತ್ತೆ, ತಿದ್ದಿಕೊಳ್ಳೋಕೆ ಅವಕಾಶ ಇರುತ್ತೆ. ಹೆಜ್ಜೆ ಚಿಕ್ಕದಾದಷ್ಟೂ ತಪ್ಪುವ ಭಯ ಕಡಿಮೆ, ಆದರೆ ಕಲಿಯೋಕೆ ಹಿಡಿಯೋ ದಿನ ಜಾಸ್ತಿ. ಎಷ್ಟು ಚಿಕ್ಕ ಹೆಜ್ಜೆಗೆ ಎಷ್ಟು ಕ್ಷೇಮ? ಯಾವ ಯಾವ ನಿಯಮ ನಂಬಬಹುದು, ಯಾವುದನ್ನ ನಂಬಬಾರದು? ಇದನ್ನ ಅಂದಾಜಿನಲ್ಲಿ ಅಲ್ಲ, ಗಣಿತದಲ್ಲಿ ಸಾಧಿಸಿ ತೋರಿಸಿದ್ದು ತಾತಾಚಾರ್ ಮತ್ತು ಅವರ ಜೊತೆಗಾರರ ಕೆಲಸ.

1973ರಲ್ಲಿ ಎಸ್. ಲಕ್ಷ್ಮೀವರಾಹನ್ ಜೊತೆ ಬರೆದ ಒಂದು ಪ್ರಬಂಧದಲ್ಲಿ ಅವರು ಕೇಳಿದ್ದು ಸರಳ ಪ್ರಶ್ನೆ. ಸರಾಸರಿಯಲ್ಲಿ ನೋಡಿದರೆ ಡಬ್ಬಿಯ ನಾಳಿನ ಸಾಧನೆ ಇವತ್ತಿನದಕ್ಕಿಂತ ಮೇಲೇ ಇರಬೇಕು, ಯಾವತ್ತೂ ಕೆಳಗಿಳಿಯಬಾರದು. ಹಾಗಿರಬೇಕಾದರೆ ಮಣಿ ಬದಲಾಯಿಸೋ ನಿಯಮ ಹೇಗಿರಬೇಕು? ಅದಕ್ಕೆ ಏನು ಷರತ್ತು ಅಂತ ಅವರು ಬರೆದು ಕೊಟ್ಟರು. ಮಾರನೇ ವರ್ಷ, 1974ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರೊ. ಕುಂಪಟಿ ನರೇಂದ್ರ ಅವರ ಜೊತೆ ಸೇರಿ ಇಡೀ ಕ್ಷೇತ್ರದ ಸಮೀಕ್ಷೆ ಬರೆದರು. ನರೇಂದ್ರ ಅವರೂ ಮದ್ರಾಸಿನಲ್ಲಿ ಹುಟ್ಟಿದವರು. ಆ ಸಮೀಕ್ಷೆಯ ಹೆಸರೇ ಈ ವಿಷಯಕ್ಕೆ ಹೆಸರಾಗಿ ನಿಂತುಬಿಟ್ಟಿತು. 1989ರಲ್ಲಿ ಇಬ್ಬರೂ ಸೇರಿ ತಂದ ಪುಸ್ತಕ ಇವತ್ತಿಗೂ ಈ ಕ್ಷೇತ್ರದ ಮೂಲ ಪಠ್ಯ. ಎರಡು ದಶಕ ಕಳೆದ ಮೇಲೆ ಡೋವರ್ ಪ್ರಕಾಶನ ಅದನ್ನ ಮತ್ತೆ ಅಚ್ಚು ಹಾಕಿಸಿತು. ಲೆಕ್ಕದ ಪುಸ್ತಕಕ್ಕೆ ಇಂಥ ಆಯಸ್ಸು ಸುಮ್ಮನೆ ಬರಲ್ಲ.

ನಿಧಾನ ಅನ್ನೋ ತೊಂದರೆಗೂ ಅವರೇ ಒಂದು ದಾರಿ ಹುಡುಕಿದರು. 1980ರ ದಶಕದ ಮಧ್ಯದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಪಿಎಚ್.ಡಿ. ಮಾಡಿ ಅಲ್ಲೇ ಮೇಷ್ಟ್ರಾದ ಪಿ.ಎಸ್. ಶಾಸ್ತ್ರಿ ಅವರ ಜೊತೆ. ಡಬ್ಬಿ ಪಕ್ಕ ಒಂದು ನೋಟ್ ಬುಕ್ ಇಡಿ ಅಂದರು. ಪ್ರತಿ ಗಾಡಿಗೆ ಎಷ್ಟು ಸಲ ಫೋನ್ ಮಾಡಿದ್ದೀರಿ, ಎಷ್ಟು ಸಲ ಸಮಯಕ್ಕೆ ಬಂತು ಅಂತ ಬರೆದಿಡಿ. ಇವತ್ತು ಯಾವ ಗಾಡಿ ಬಂತು ಅನ್ನೋದನ್ನ ನೋಡಿ ಮಣಿ ಹಾಕಬೇಡಿ, ಪುಸ್ತಕದ ಪ್ರಕಾರ ಇಲ್ಲಿವರೆಗೆ ಯಾರು ಮುಂದಿದ್ದಾರೋ ಅವರ ಕಡೆ ಮಣಿ ಸರಿಸಿ. ಒಂದು ದಿನದ ಅದೃಷ್ಟಕ್ಕೆ ಬೆಲೆ ಕಡಿಮೆ, ಒಟ್ಟು ಲೆಕ್ಕಕ್ಕೆ ಬೆಲೆ ಜಾಸ್ತಿ. ಕಲಿಕೆ ಎಷ್ಟೋ ಪಾಲು ಬೇಗ ಆಯ್ತು. ನಮ್ಮ ಅಂಗಡಿಯವರು ಇದನ್ನ ಓದಿ ‘ಇದರಲ್ಲೇನು ಹೊಸದು, ಖಾತೆ ಪುಸ್ತಕ ನಮ್ಮಜ್ಜನೂ ಇಟ್ಟಿದ್ದ’ ಅಂತಾರೆ. ಸರಿಯೇ. ಆದರೆ ಆ ಖಾತೆ ಪುಸ್ತಕ ಯಂತ್ರವನ್ನ ದಾರಿ ತಪ್ಪಿಸಲ್ಲ ಅಂತ ಗ್ಯಾರಂಟಿ ಬರೆದುಕೊಡೋದು ಬೇರೆ ಕೆಲಸ.

ದಾರಿ ಬದಲಾದರೆ?

ಇಲ್ಲಿವರೆಗೆ ಹೇಳಿದ್ದರಲ್ಲಿ ಒಂದು ಸುಳ್ಳಿದೆ. ಹಸಿರು ಗಾಡಿ ಎಂದೆಂದೂ ಹತ್ತಕ್ಕೆ 8 ದಿನವೇ ಬರುತ್ತೆ ಅಂತ ಇಟ್ಟುಕೊಂಡಿದ್ದೆವು. ಹಾಗೆಲ್ಲಿ ಇರುತ್ತೆ?

ನಮ್ಮ ತಾಲ್ಲೂಕಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು–ಮೈಸೂರು ಹಳೇ ಹೆದ್ದಾರಿ ಪಕ್ಕ ಬೊಂಬೆ ಅಂಗಡಿ, ಹೋಟೆಲ್ ಇಟ್ಟವರು ವರ್ಷಾನುಗಟ್ಟಲೆ ಕಲಿತ ವ್ಯಾಪಾರ ಅದು. ಯಾವ ಬಸ್ಸು ಎಷ್ಟು ಹೊತ್ತಿಗೆ ನಿಲ್ಲುತ್ತೆ, ಯಾವ ಬೊಂಬೆ ಮುಂದೆ ಇಡಬೇಕು, ಎಲ್ಲಾ ಕೈಗೆ ಕೂತಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆಯ್ತು, ಪ್ರವಾಸಿಗಳ ಕಾರು ಬೈಪಾಸ್ ಹಿಡಿದವು. ಡಬ್ಬಿಯಲ್ಲಿದ್ದ ಮಣಿ ಹಾಗೇ ಇದ್ದವು, ದಾರಿಯೇ ಬದಲಾಯಿತು.

‘ಸೋತರೆ ಸುಮ್ಮನೆ’ ನಿಯಮದ ದೊಡ್ಡ ದೌರ್ಬಲ್ಯ ಇದೇ. ಒಂದು ಬಣ್ಣ ತುಂಬಿಕೊಂಡ ಮೇಲೆ ಅದು ಪ್ರಪಂಚದ ಕಡೆ ನೋಡೋದನ್ನ ನಿಲ್ಲಿಸಿಬಿಡುತ್ತೆ. ಹಾಗಂತ ಸೋತಾಗ ದಂಡ ಹಾಕೋಣ, ಸೋತ ಬಣ್ಣದ ಮಣಿಯಲ್ಲೂ ಹತ್ತರಲ್ಲೊಂದು ಕಿತ್ತು ಇನ್ನೊಂದಕ್ಕೆ ಕೊಡೋಣ ಅಂದರೆ? ಆಗ ಡಬ್ಬಿ ಯಾವತ್ತೂ ಜಾಮ್ ಆಗಲ್ಲ. ಆದರೆ ಬೆಲೆ ತೆರಬೇಕು. ನಮ್ಮದೇ ಗಾಡಿ ಲೆಕ್ಕದಲ್ಲಿ ಹಸಿರು ಮಣಿ ಸರಾಸರಿ 71ರ ಆಸುಪಾಸಿನಲ್ಲೇ ಓಲಾಡುತ್ತೆ, ಪೂರ್ತಿ ಹಸಿರಿಗೆ ಹೋಗೋದೇ ಇಲ್ಲ. ಒಳ್ಳೇ ಗಾಡಿ ಯಾವುದು ಅಂತ ಗೊತ್ತಿದ್ದೂ ಹತ್ತಕ್ಕೆ ಮೂರು ದಿನ ಕೆಟ್ಟದಕ್ಕೇ ಫೋನು. ಇವೆರಡರ ನಡುವೆ ಬಹುಮಾನ ದೊಡ್ಡದು, ದಂಡ ತೀರಾ ಚಿಕ್ಕದು ಅನ್ನೋ ಮೂರನೇ ನಿಯಮ ಇದೆ. ಬದಲಾಗೋ ಜಾಗದಲ್ಲಿ ಅದೇ ವಾಸಿ.

1980ರಲ್ಲಿ ನರೇಂದ್ರ ಮತ್ತು ತಾತಾಚಾರ್ ಇದನ್ನ ಟೆಲಿಫೋನಿಗೆ ಹಚ್ಚಿದರು. ಟ್ರಂಕ್ ಕಾಲ್ ಕಾಲ ನೆನಪಿದೆಯಲ್ಲ? ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಕಾಲ್ ಹೋಗೋಕೆ ಎರಡು ಮೂರು ದಾರಿ ಇದ್ದರೆ ಎಕ್ಸ್‌ಚೇಂಜು ಯಾವುದರಲ್ಲಿ ಕಳಿಸಬೇಕು? ಪ್ರತಿ ಎಕ್ಸ್‌ಚೇಂಜಿನಲ್ಲೂ ನಮ್ಮ ಡಬ್ಬಿಯಂಥ ಒಂದು ಯಂತ್ರ ಕೂತಿದೆ ಅನ್ನಿ. ಕಾಲ್ ತಲುಪಿದರೆ ಬಹುಮಾನ, ಲೈನ್ ಸಿಗದಿದ್ದರೆ ದಂಡ. ಇಲ್ಲಿ ಮಜಾ ಏನಂದ್ರೆ, ಒಂದು ದಾರಿ ಚೆನ್ನಾಗಿದೆ ಅಂತ ಎಲ್ಲ ಕಾಲೂ ಅಲ್ಲಿಗೇ ನುಗ್ಗಿಸಿದರೆ ಆ ದಾರಿಯೇ ಕಿಕ್ಕಿರಿದು ಕೆಟ್ಟದಾಗುತ್ತೆ. ದಸರಾ ರಜೆಯಲ್ಲಿ ಎಕ್ಸ್‌ಪ್ರೆಸ್ ವೇ ಟೋಲ್ ಹತ್ತಿರ ಆಗೋ ಹಂಗೆ. ಅಂದ್ರೆ ಪರಿಸರ ತಾನಾಗಿ ಬದಲಾಗೋದು ಒಂದು ಕಡೆಯಾದರೆ, ನಮ್ಮ ಆಯ್ಕೆಯಿಂದಲೇ ಬದಲಾಗೋದು ಇನ್ನೊಂದು. ಇಂಥ ಕಡೆಯೂ ದಂಡದ ನಿಯಮ ಸರಿಯಾಗಿದ್ದರೆ ಯಾರೂ ಮೇಲೆ ನಿಂತು ಆಳದೆಯೇ ಹೊರೆ ದಾರಿಗಳ ನಡುವೆ ಹಂಚಿಕೊಂಡು ಸಮಕ್ಕೆ ಬರುತ್ತೆ ಅಂತ ಅವರು ತೋರಿಸಿದರು.

1994ರ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ. ಶಾಸ್ತ್ರಿ, ಫನ್ಸಾಲ್ಕರ್, ತಾತಾಚಾರ್ ಮೂವರೂ ಸೇರಿ ಬರೆದದ್ದು. ಒಂದೇ ಸರ್ಕಲ್ಲಿನಲ್ಲಿ ಎರಡು ಟೀ ಅಂಗಡಿ. ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಒಬ್ಬ ಏನು ಮಾಡ್ತಾನೆ ಅಂತ ಇನ್ನೊಬ್ಬನಿಗೆ ಗೊತ್ತಿಲ್ಲ, ಗೊತ್ತಿರೋದು ಅವರವರ ಸಂಜೆ ಗಲ್ಲಾ ಮಾತ್ರ. ಬೋಂಡಾ ಬೆಳಗ್ಗೆ ಹಾಕೋದಾ, ಸಂಜೆ ಹಾಕೋದಾ ಅಂತ ಇಬ್ಬರೂ ಡಬ್ಬಿ ಇಟ್ಟುಕೊಂಡು ಕಲೀತಾರೆ. ಕೊನೆಗೆ ಎಲ್ಲಿ ಹೋಗಿ ನಿಲ್ತಾರೆ? ಹೆಜ್ಜೆ ಚಿಕ್ಕದಾಗಿದ್ದು ಕಲಿಕೆ ನೆಲೆ ನಿಂತರೆ, ನಿಲ್ಲೋದು ‘ನಾನೊಬ್ಬನೇ ಬದಲಾಯಿಸಿದರೆ ನನಗೇ ನಷ್ಟ’ ಅನ್ನೋ ಜಾಗದಲ್ಲಿ. ಆ ಜಾಗ ಇಬ್ಬರಿಗೂ ಒಳ್ಳೇದೇ ಆಗಿರಬೇಕು ಅಂತೇನಿಲ್ಲ, ಅದು ಬೇರೆ ಮಾತು. ಈಗ ಸಾವಿರಾರು ಯಂತ್ರಗಳು ಒಂದರ ಎದುರು ಒಂದು ವ್ಯಾಪಾರ ಮಾಡ್ತಿರೋ ಕಾಲದಲ್ಲಿ ಈ ಪ್ರಬಂಧ ಓದಿದರೆ ಹಳೇದು ಅನ್ನಿಸಲ್ಲ.

2004ರಲ್ಲಿ ಶಾಸ್ತ್ರಿ ಅವರ ಜೊತೆ ಇನ್ನೊಂದು ಪುಸ್ತಕ ಬಂತು. 1973ರಿಂದ 2004ರವರೆಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ.

ನಿಮ್ಮ ಫೋನಿನಲ್ಲಿ ಏನಿದೆ

ಇದಕ್ಕೂ ಇವತ್ತಿನ ಎ.ಐ.ಗೂ ಏನು ಸಂಬಂಧ ಅಂತ ಕೇಳಬಹುದು. ಚಾಟ್‌ಜಿಪಿಟಿ ಒಳಗೆ ತಾತಾಚಾರ್ ಅವರ ಸೂತ್ರ ಕೂತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಉತ್ಪ್ರೇಕ್ಷೆ. ಆದರೆ ಕುಲ ಒಂದೇ. ಬಹುಮಾನ ನೋಡಿ ಕಲಿಯೋ ಈ ವಿದ್ಯೆಗೆ ಈಗ ‘ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್’ ಅಂತಾರೆ. ಇದಕ್ಕಾಗಿಯೇ ಆಂಡ್ರ್ಯೂ ಬಾರ್ಟೊ, ರಿಚರ್ಡ್ ಸಟನ್ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಬಂದಿದೆ. ಅವರ ಪ್ರಸಿದ್ಧ ಪಠ್ಯಪುಸ್ತಕದಲ್ಲೂ ಲರ್ನಿಂಗ್ ಆಟೋಮೇಟಾಗೆ ಜಾಗ ಇದೆ. ರೊನಾಲ್ಡ್ ವಿಲಿಯಮ್ಸ್ 1992ರಲ್ಲಿ ಬರೆದ ಹೆಸರಾಂತ ಸೂತ್ರವನ್ನ ಎರಡೇ ಆಯ್ಕೆಗೆ ಇಳಿಸಿದರೆ ನಮ್ಮ ‘ಗೆದ್ದರೆ ಬಹುಮಾನ, ಸೋತರೆ ಸುಮ್ಮನೆ’ ಡಬ್ಬಿಯೇ ಸಿಗುತ್ತೆ. ಆ ಸೂತ್ರದ ವಂಶದವೇ ಇವತ್ತಿನ ಮಾತಾಡೋ ಯಂತ್ರಗಳನ್ನ ತಿದ್ದೋಕೆ ಬಳಸೋ ಎಷ್ಟೋ ವಿಧಾನಗಳು.

ಅಂಗಡಿಯವರಿಗೆ ಇದರಿಂದ ನೇರ ಉಪಯೋಗ ಒಂದಿದೆ. ಯಾವುದೇ ಆ್ಯಪ್ ನೋಡಿದಾಗ ‘ಇದು ಯಾವುದನ್ನ ಬಹುಮಾನ ಅಂತ ಎಣಿಸ್ತಿದೆ?’ ಅಂತ ಕೇಳಿ. ಯೂಟ್ಯೂಬ್ 2012ರಲ್ಲಿ ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಜಾಸ್ತಿ ತೂಕ ಕೊಟ್ಟಿತು. ಅಂದ್ರೆ ಅಲ್ಲಿನ ಮಣಿ ನಿಮ್ಮ ಹೊತ್ತು. ನೀವು ಆನೆ ದಾಳಿಯ ಒಂದು ವಿಡಿಯೋ ಕೊನೇವರೆಗೆ ನೋಡಿದರೆ ಒಂದು ಮಣಿ ಬಿತ್ತು. ಭಯಕ್ಕೆ ನೋಡಿದ್ರೋ, ಬೇಕು ಅಂತ ನೋಡಿದ್ರೋ ಡಬ್ಬಿಗೆ ಗೊತ್ತಿಲ್ಲ. ಮಾರನೇ ದಿನ ಎಲ್ಲಾ ಆನೆಯೇ.

ಫೀಸಿನ ವಿಷಯ

ಮತ್ತೆ ಅಂಗಡಿಗೆ ಬರೋಣ. ಕೋರ್ಸಿನ ಬಗ್ಗೆ ನಾನು ಹೇಳಿದ್ದು ಇಷ್ಟು. ತಾತಾಚಾರ್ ಅವರ ಪುಸ್ತಕದ ಅಡಿಪಾಯ ಸಂಭವನೀಯತೆ ಮತ್ತು ಮ್ಯಾಟ್ರಿಕ್ಸು. ಎರಡೂ ಹುಡುಗನ ಸೆಕೆಂಡ್ ಪಿಯು ಗಣಿತದ ಪುಸ್ತಕದಲ್ಲೇ ಇವೆ, ಸರ್ಕಾರಿ ಕಾಲೇಜಿನಲ್ಲೂ ಅದೇ ಪುಸ್ತಕ. ಪ್ರೊ. ಶಾಸ್ತ್ರಿ ಅವರು ಪ್ಯಾಟರ್ನ್ ರೆಕಗ್ನಿಷನ್ ಮೇಲೆ ಮಾಡಿದ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ಕಷ್ಟವಾಗೇ ಇವೆ, ಈಗಲೇ ಅರ್ಥ ಆಗಲ್ಲ. ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಆಗಬಹುದು. ಮೂರು ತಿಂಗಳಲ್ಲಿ ಪರಿಣತ ಮಾಡ್ತೀವಿ ಅನ್ನೋರನ್ನ ಒಂದೇ ಪ್ರಶ್ನೆ ಕೇಳಿ: ‘ಹೆಜ್ಜೆ ದೊಡ್ಡದಾದರೆ ಏನಾಗುತ್ತೆ?’ ಅಂತ. ಉತ್ತರ ಹೇಳಿದರೆ ಮುಂದಿನ ಮಾತು.

ಹುಡುಗ ಅದನ್ನೆಲ್ಲ ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಆದರೆ ಚನ್ನಪಟ್ಟಣಕ್ಕೆ ಹೋದಾಗ ಮಣಿ ತಂದಿದ್ದಾನೆ. ಮೊನ್ನೆ ಹೋದಾಗ ಬಿಸ್ಕತ್ ಡಬ್ಬಿ ಗಲ್ಲಾ ಪಕ್ಕದಲ್ಲೇ ಇತ್ತು. ಮೂರು ವಾರಕ್ಕೆ 81 ಹಸಿರು, 19 ಕೆಂಪು. ಅಷ್ಟರಲ್ಲಿ ಹಸಿರು ಗಾಡಿಯವನು ಮೊದಲು ಬೇರೆ ಊರಿಗೆ ಹೋಗಿ ಆಮೇಲೆ ಇಲ್ಲಿಗೆ ಬರೋಕೆ ಶುರು ಮಾಡಿದ್ದಾನಂತೆ. ನಾಲ್ಕು ದಿನದಿಂದ ಬನ್ನು 8 ಗಂಟೆಗೆ.

‘ಡಬ್ಬಿ ಇನ್ನೂ ಹಸಿರು ಹಸಿರು ಅಂತಾನೇ ಇದೆ ಸಾರ್. ನಾನು ತಡೀಲಾರದೆ ನಿನ್ನೆ ಕೆಂಪಿನವನಿಗೆ ಫೋನ್ ಮಾಡ್ದೆ’ ಅಂದರು ಯಜಮಾನರು.

‘ನೀನು ಮಧ್ಯ ಕೈ ಹಾಕಿದ್ರೆ ಲೆಕ್ಕ ಕೆಡುತ್ತೆ ಅಪ್ಪಾ’ ಅಂತ ಮಗ ರೇಗಿದ. ಆಮೇಲೆ ನನ್ನ ಕಡೆ ತಿರುಗಿ, ದಂಡ ಹಾಕೋದಾದರೆ ಎಷ್ಟು ಮಣಿ ಕೀಳಬೇಕು ಅಂತ ಕೇಳಿದ. ಒಂದು ಹಾಳೆ ತಗೊಂಡು ಇಬ್ಬರೂ ಲೆಕ್ಕ ಹಾಕೋಕೆ ಕೂತೆವು. ಕರಪತ್ರ ಡಬ್ಬಿಯ ಅಡಿಯಲ್ಲೇ ಇದೆ. ಫೀಸು ಇನ್ನೂ ಕಟ್ಟಿಲ್ಲ.